ಮೂರನೆಯ ಸಿಲಿಂಡರ್

ವರ್ಷಗಟ್ಟಲೆ ನಿಂತುಬಿಟ್ಟ ಹಳೆಯ ಕಾರನ್ನು ಎಬ್ಬಿಸಲು ಹೊರಟವರಿಗೆ ನೆರೆಹೊರೆಯವರು ಕೊಡುವ ಮೊದಲ ಸಲಹೆ ಒಂದೇ: ‘ಹೊಸ ಬ್ಯಾಟರಿ ಹಾಕಿ, ಸೆಲ್ಫ್ ಹೊಡೆದು ನೋಡಿ.’ ಮೊದಲು ಮಾಡಬಾರದ ಕೆಲಸವೇ ಅದು. ನಿಂತ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದು ಪಿಸ್ಟನ್ನಿನ ರಿಂಗುಗಳು ಅಂಟಿಕೊಂಡಿರುತ್ತವೆ, ವಾಲ್ವುಗಳು ಬಿಗಿದುಕೊಂಡಿರುತ್ತವೆ. ಬಲವಂತವಾಗಿ ತಿರುಗಿಸಿದರೆ ರಿಂಗು ಮುರಿಯುತ್ತದೆ, ಪುಶ್‌ರಾಡ್ ಬಾಗುತ್ತದೆ. ಉಳಿಯಬಹುದಾಗಿದ್ದ ಎಂಜಿನ್ ಗುಜರಿಯ ಪಾಲಾಗುತ್ತದೆ.

ನಮ್ಮ ಅಬ್ಬಾ ಓಡಿಸುತ್ತಿದ್ದ ಅಂಬಾಸಿಡರ್ 2007ರಿಂದ ಶಿವಮೊಗ್ಗದ ಮನೆಯ ಹಿತ್ತಲ ಶೆಡ್ಡಿನಲ್ಲಿ ನಿಂತಿತ್ತು. 1984ರ ಮಾರ್ಕ್ 4, ಪೆಟ್ರೋಲ್ ಗಾಡಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಅದು ಎಷ್ಟು ಸಲ ಇಳಿದು ಹತ್ತಿತೋ ಲೆಕ್ಕವಿಲ್ಲ. ಹೆಚ್ಚಿನ ಬಾಡಿಗೆ ಮಣಿಪಾಲದ ಆಸ್ಪತ್ರೆಗೆ. ಹಿಂದಿನ ಸೀಟಿನಲ್ಲಿ ರೋಗಿ, ಮುಂದೆ ಮೂವರು ನೆಂಟರು. ಅಬ್ಬಾ ತೀರಿಕೊಂಡ ಮೇಲೆ ಅದನ್ನು ಯಾರೂ ಓಡಿಸಲಿಲ್ಲ, ಮಾರಲೂ ಇಲ್ಲ.

ಕಳೆದ ವರ್ಷ ಮನೆ ಪಾಲಾಯಿತು. ಶೆಡ್ಡಿನ ಜಾಗ ತಮ್ಮನಿಗೆ ಬಂತು, ಅವನಿಗೆ ಅಲ್ಲಿ ಅಂಗಡಿ ಕಟ್ಟಬೇಕು. ‘ಭಾಯಿ, ಒಂದು ತಿಂಗಳು ಕಾಯುತ್ತೇನೆ. ಅಷ್ಟರಲ್ಲಿ ಅದು ತಾನಾಗಿ ಹೊರಗೆ ಬಂದರೆ ಅಂಗಳದಲ್ಲಿ ಇರಲಿ. ಇಲ್ಲದಿದ್ದರೆ ಗುಜರಿಯವನನ್ನು ಕರೆಯುತ್ತೇನೆ’ ಎಂದ. ಅವನ ಮಾತು ಅನ್ಯಾಯದ್ದೇನೂ ಅಲ್ಲ. ಸತ್ತ ಕಾರನ್ನು ಎಷ್ಟು ವರ್ಷ ಎಂದು ಮನೆಯಲ್ಲಿಟ್ಟುಕೊಳ್ಳುವುದು?

ಅಂಬಾಸಿಡರ್ ಎಂದರೆ ಇಂದಿನ ಹುಡುಗರಿಗೆ ಮಂತ್ರಿಗಳ ಬಿಳಿ ಕಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಯ ಉತ್ಪಾದನೆ 2014ರ ಮೇ ತಿಂಗಳಲ್ಲಿ ನಿಂತಿತು. ನಮ್ಮದರ ಎಂಜಿನ್ 1489 ಸಿ.ಸಿ.ಯದು. ನಾಲ್ಕು ಸಿಲಿಂಡರ್, ಎಂಟು ವಾಲ್ವು, ಬ್ಲಾಕೂ ಹೆಡ್ಡೂ ಬೀಡುಕಬ್ಬಿಣ. ಕಂಪ್ಯೂಟರು, ಸೆನ್ಸರು ಯಾವುದೂ ಇಲ್ಲ. ಕಣ್ಣು, ಕಿವಿ, ಬೆರಳು ಇದ್ದವರು ಇದನ್ನು ಬಿಚ್ಚಿ ಕಟ್ಟಬಲ್ಲರು ಎಂದು ಹೇಳುತ್ತಾರೆ. ಆದರೆ ಅಂಥ ಕಣ್ಣು, ಕಿವಿ, ಬೆರಳು ಒಂದೇ ಮೈಯಲ್ಲಿ ಸಿಗುವುದು ಈಗ ಅಪರೂಪ.

ಅಬ್ಬಾರ ಕಾಲದಿಂದ ಗಾಡಿ ನೋಡುತ್ತಿದ್ದ ಉಸ್ತಾದರಿಗೆ ಎಪ್ಪತ್ತು ದಾಟಿದೆ. ಗ್ಯಾರೇಜು ಮುಚ್ಚಿ ಬಹಳ ದಿನವಾಯಿತು. ಮಗ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಚುಚ್ಚಿ ದೋಷ ಓದುವ ಕೆಲಸದಲ್ಲಿದ್ದಾನೆ. ಉಸ್ತಾದರ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ. ನಾವು ಹೋಗಿ ಕೇಳಿದಾಗ ಅವರು ಕೇಳಿದ ಒಂದೇ ಪ್ರಶ್ನೆ: ‘ಬೇಟಾ, ಯಾರಾದರೂ ಸೆಲ್ಫ್ ಹೊಡೆದರಾ?’ ಇಲ್ಲ ಎಂದೆವು. ‘ಹಾಗಾದರೆ ಬರುತ್ತೇನೆ.’

ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಡೀಸೆಲ್ಲಿಗೆ ತೆಳು ಎಣ್ಣೆ ಬೆರೆಸಿ ಪ್ರತಿ ತೂತಿಗೂ ಸುರಿದೆವು. ಆಮೇಲೆ ಒಂಬತ್ತು ದಿನ ಏನೂ ಮಾಡಲಿಲ್ಲ. ದಿನಾ ಅಸರ್ ನಮಾಜು ಮುಗಿಸಿ ಬಂದು ಉಸ್ತಾದರು ಪ್ಲಗ್ಗಿನ ತೂತಿಗೆ ಕಡ್ಡಿ ಇಳಿಸಿ ನೋಡುವರು, ಎಣ್ಣೆ ಎಷ್ಟು ಇಳಿದಿದೆ ಎಂದು. ಮೂರರಲ್ಲಿ ಇಳಿಯುತ್ತಿತ್ತು. ಮೂರನೆಯದರಲ್ಲಿ ಇಳಿಯುತ್ತಿರಲಿಲ್ಲ. ತಮ್ಮ ಕಿಟಕಿಯಿಂದಲೇ ಕ್ಯಾಲೆಂಡರ್ ನೋಡುತ್ತಿದ್ದ.

ಹತ್ತನೆಯ ದಿನ ಗೇರನ್ನು ನಾಲ್ಕಕ್ಕೆ ಹಾಕಿ, ಗಾಡಿಯನ್ನು ಹಿಂದೆ ಮುಂದೆ ತೂಗಿದೆವು. ತೊಟ್ಟಿಲು ತೂಗಿದ ಹಾಗೆ, ಅವಸರವಿಲ್ಲದೆ. ಮಧ್ಯಾಹ್ನದ ಹೊತ್ತಿಗೆ ಫ್ಯಾನು ಬೆರಳಗಲ ಅಲುಗಿತು. ಉಸ್ತಾದರು ಕೈ ಎತ್ತಿ ನಿಲ್ಲಿಸಿದರು. ‘ಇವತ್ತಿಗೆ ಸಾಕು.’

ಹೆಡ್ ಬಿಚ್ಚುವುದು ಅನಿವಾರ್ಯವಾಗಿತ್ತು. ಎಂಟು ಪುಶ್‌ರಾಡುಗಳು ಯಾವ ಗುಂಡಿಯಿಂದ ಬಂದವೋ ಅದೇ ಗುಂಡಿಗೆ ಹೋಗಬೇಕು. ವರ್ಷಗಟ್ಟಲೆ ಉಜ್ಜಿಕೊಂಡು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ನಾವು ರಟ್ಟಿನ ಡಬ್ಬಿಗೆ ಎಂಟು ತೂತು ಮಾಡಿ ಸಾಲಾಗಿ ಚುಚ್ಚಿದೆವು, ಒಂದೊಂದಕ್ಕೂ ಚೀಟಿ ಅಂಟಿಸಿದೆವು. ಉರ್ದುವಿನಲ್ಲಿ ಪುರ್ಜಾ ಎಂದರೆ ಯಂತ್ರದ ಬಿಡಿಭಾಗವೂ ಹೌದು, ಕಾಗದದ ಚೂರೂ ಹೌದು. ಕಥೆ ಬರೆಯುವ ನಮಗೆ ಇಷ್ಟು ದಿನ ಎರಡನೆಯ ಅರ್ಥ ಮಾತ್ರ ಉಪಯೋಗಕ್ಕೆ ಬಂದಿತ್ತು. ಉಸ್ತಾದರು ಚೀಟಿಗಳನ್ನು ನೋಡಿ ನಕ್ಕರು. ಅವರು ಓದುಬರಹ ಕಲಿತವರಲ್ಲ, ಅವರಿಗೆ ಚೀಟಿ ಬೇಕಾಗಿಯೂ ಇರಲಿಲ್ಲ.

ಹೆಡ್ ಎತ್ತಿದಾಗ ಮೂರನೆಯ ಸಿಲಿಂಡರಿನ ಗುಟ್ಟು ತಿಳಿಯಿತು. ಕೊನೆಯ ಸಲ ಎಂಜಿನ್ ನಿಂತಾಗ ಅದರ ವಾಲ್ವು ತೆರೆದೇ ಇತ್ತು. ಹದಿನೆಂಟು ಮಳೆಗಾಲದ ತೇವ ಅದೇ ಬಾಗಿಲಿನಿಂದ ಒಳಗೆ ಹೋಗಿತ್ತು. ಉಳಿದ ಮೂರರ ಗೋಡೆ ಹೊಳೆಯುತ್ತಿದ್ದರೆ, ಇದರದ್ದು ಕೆಂಪು.

ಪಿಸ್ಟನ್ನುಗಳ ತಲೆಯ ಮೇಲಿನ ಮಸಿ ಕೆರೆದಾಗ ಒಂದು ಅಂಕಿ ಕಂಡಿತು: 020. ಅಂದರೆ ಎಂಜಿನ್ ಹಿಂದೊಮ್ಮೆ ಬೋರ್ ಆಗಿದೆ. ಸವೆದ ಸಿಲಿಂಡರನ್ನು ಲೇತಿನವರು ಇಂಚಿನ ಸಾವಿರದಲ್ಲಿ 20 ಭಾಗ ಅಗಲ ಮಾಡಿ, ದೊಡ್ಡ ಪಿಸ್ಟನ್ ಕೂರಿಸಿದ್ದರು. ನಮಗೆ ಈ ವಿಷಯ ಗೊತ್ತೇ ಇರಲಿಲ್ಲ. ಚಹಾ ತಂದ ಅಮ್ಮಿ ಅಂಕಿಯ ಅರ್ಥ ಕೇಳಿದರು. ಹೇಳಿದೆವು. ‘ಇಪ್ಪತ್ತೋ ಮೂವತ್ತೋ ನನಗೆ ತಿಳಿಯದು. ಬಳೆ ಮಾತ್ರ ಎರಡು’ ಎಂದು ಲೋಟಗಳನ್ನಿಟ್ಟು ಒಳಗೆ ಹೋದರು. ತಮ್ಮ ಅಲ್ಲೇ ಇದ್ದ. 1993ರಲ್ಲಿ ಅವನ ಶಾಲೆಯ ಫೀಸು ಕಟ್ಟಲು ತಡವಾಗಿದ್ದು ಅವನಿಗೂ ನೆನಪಿತ್ತು, ಕಾರಣ ಮಾತ್ರ ಗೊತ್ತಿರಲಿಲ್ಲ.

ಈ ನಡುವೆ ಒಬ್ಬ ಮೆಕ್ಯಾನಿಕ್ ಬಂದು, ಇದನ್ನು ಎತ್ತಿ ಬಿಸಾಕಿ ಹಳೆಯ ಡೀಸೆಲ್ ಎಂಜಿನ್ ಕೂರಿಸಿಬಿಡಿ, ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ ಎಂದ. ಎಷ್ಟೋ ಅಂಬಾಸಿಡರುಗಳು ಹಾಗೆಯೇ ಬದುಕಿದ್ದು ನಿಜ. ಆದರೆ ಆರ್.ಸಿ. ಪುಸ್ತಕದಲ್ಲಿ ಎಂಜಿನ್ನಿನ ನಂಬರೂ ಇರುತ್ತದೆ, ಬದಲಿಸಿದರೆ ಆರ್.ಟಿ.ಒ. ಕಚೇರಿಗೆ ಅಲೆಯಬೇಕು. ಅದು ನಾವು ಹೊರಗೆ ಹೇಳಿದ ಕಾರಣ. ಬಳೆಯ ಮಾತು ಕೇಳಿದ ಮೇಲೆ ಆ ಸಲಹೆಯನ್ನು ಒಪ್ಪುವಂತಿರಲಿಲ್ಲ.

ಉಸ್ತಾದರು ಕೆಂಪು ಗೋಡೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಎಮರಿ ಕಾಗದದಿಂದ ಎರಡು ದಿನ ಉಜ್ಜಿದರು. ಮತ್ತೆ ಬೋರ್ ಮಾಡಬೇಕೇ ಎಂದು ಕೇಳಿದೆವು. ಹೆಬ್ಬೆರಳ ಉಗುರನ್ನು ಗೋಡೆಯ ಮೇಲೆ ಎಳೆದು, ಕಣ್ಣು ಮುಚ್ಚಿ, ‘ಉಗುರು ಸಿಕ್ಕಿಕೊಳ್ಳುವುದಿಲ್ಲ, ಹೊಸ ರಿಂಗು ಸಾಕು’ ಎಂದರು. ರಿಂಗು ಸೆಟ್ಟು, ಹೆಡ್ ಗ್ಯಾಸ್ಕೆಟ್ಟು ಊರಿನಲ್ಲಿ ಸಿಗಲಿಲ್ಲ. ಅಂಗಡಿಯ ಸಾಮಾನಿಗೆಂದು ಬೆಂಗಳೂರಿಗೆ ಹೋಗಿದ್ದ ತಮ್ಮ ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದ. ಬೆಲೆ ಕೇಳಿದರೆ ಹೇಳಲಿಲ್ಲ. ತಿಂಗಳು ಮುಗಿದಿದ್ದನ್ನೂ ಹೇಳಲಿಲ್ಲ.

ವಾಲ್ವುಗಳನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ತಿರುವಿ ಕೂರಿಸುವ ಕೆಲಸ ನಮ್ಮ ಪಾಲಿಗೆ ಬಂತು. ಎಂಟು ವಾಲ್ವು, ಒಂದೊಂದಕ್ಕೆ ಒಂದು ಗಂಟೆ. ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲದ ಎಂಜಿನ್ ಇದು. 2000ದ ಫೆಬ್ರವರಿಯಿಂದ ದೇಶವೆಲ್ಲ ಸೀಸವಿಲ್ಲದ ಪೆಟ್ರೋಲ್. ಜನರ ಶ್ವಾಸಕ್ಕೆ ಅದು ಒಳ್ಳೆಯದೇ ಆಯಿತು, ವಾಲ್ವು ಕೂರುವ ಜಾಗಕ್ಕೆ ಮಾತ್ರ ಇದ್ದ ರಕ್ಷೆ ಹೋಯಿತು. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್, ಹಳೆಯ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ. ಎಲ್ಲ ಪೈಪು ಬದಲಾಯಿಸಿದೆವು. ಟ್ಯಾಂಕಿನಲ್ಲಿ ತುಕ್ಕಿನ ಕೆಸರು ತುಂಬಿದ್ದರಿಂದ ಬಾನೆಟ್ಟಿನಿಂದ ಒಂದು ಬಾಟಲಿ ತೂಗುಹಾಕಿ, ಅದರಿಂದಲೇ ಕಾರ್ಬ್ಯುರೇಟರಿಗೆ ಪೆಟ್ರೋಲ್ ಕೊಟ್ಟೆವು.

ಆ ಭಾನುವಾರ ಮೊದಲ ಹೊಡೆತಕ್ಕೆ ಕೆಮ್ಮಿತು, ಎರಡನೆಯದಕ್ಕೆ ಸುಮ್ಮನಾಯಿತು. ಉಸ್ತಾದರು ಪ್ಲಗ್ ವೈರುಗಳನ್ನು ಬೆರಳಲ್ಲಿ ಎಣಿಸಿದರು: ಒಂದು, ಮೂರು, ನಾಲ್ಕು, ಎರಡು. ಕಿಡಿ ಹಾರುವ ಕ್ರಮ ಅದು. ಸರಿಯಾಗಿಯೇ ಇತ್ತು. ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದರು. ನಾಲ್ಕನೆಯ ಸಲ ಎಂಜಿನ್ ಹಿಡಿದುಕೊಂಡಿತು. ನೀಲಿ ಹೊಗೆ ಶೆಡ್ಡು ತುಂಬಿತು. ಅಮ್ಮಿ ಸೆರಗಿನಿಂದ ಮೂಗು ಮುಚ್ಚಿಕೊಂಡರೇ ಹೊರತು ಒಳಗೆ ಹೋಗಲಿಲ್ಲ.

ಉಸ್ತಾದರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಎಡಗಿವಿಗೆ ಕೊಟ್ಟರು. ಒಂದು, ಎರಡು, ನಾಲ್ಕು. ಮೂರನೆಯದಕ್ಕೆ ಬಂದು ಬಹಳ ಹೊತ್ತು ನಿಂತರು. ಆಮೇಲೆ ಅದನ್ನು ನಮ್ಮ ಕೈಗೆ ಕೊಟ್ಟು, ‘ನನಗೆ ಸಾಲದು, ನೀವು ಕೇಳಿ ಹೇಳಿ’ ಎಂದರು. ನಾವು ಕೇಳಿದೆವು. ಒಳಗೆ ಹೊಲಿಗೆ ಮಿಷನ್ನಿನ ಹಾಗೆ ಒಂದೇ ಸಮನೆಯ ಸದ್ದು, ಅದರ ಮೇಲೆ ಟಿಕ್ ಟಿಕ್ ಎಂದು ಇನ್ನೊಂದು. ಹಾಗೆಯೇ ಹೇಳಿದೆವು. ‘ಟ್ಯಾಪೆಟ್ ಸಡಿಲ. ನಾಳೆ ಬಿಗಿ ಮಾಡೋಣ.’

ಬ್ರೇಕ್ ಇನ್ನೂ ಇರಲಿಲ್ಲ. ತಮ್ಮ ಸ್ಟಿಯರಿಂಗ್ ಹಿಡಿದ, ನಾವು ಚಕ್ರದ ಮುಂದೆ ಕಲ್ಲು ಹಿಡಿದು ಪಕ್ಕದಲ್ಲೇ ನಡೆದೆವು. ಕಾರು ಶೆಡ್ಡಿನಿಂದ ಹಲಸಿನ ಮರದವರೆಗೆ ಬಂತು. ಬಾಟಲಿಯಲ್ಲಿ ಇನ್ನೂ ಎರಡು ಬೆರಳು ಪೆಟ್ರೋಲ್ ಉಳಿದಿತ್ತು.