ಬಯಲುಸೀಮೆಯ ಬೇವು

ಮಲೆನಾಡಿನ ಸೊಬಗನ್ನು ವರ್ಣಿಸಿ ಬರೆದವರು ನಮ್ಮಲ್ಲಿ ಬಹು ಮಂದಿ ಇರುವರು. ಬಯಲುಸೀಮೆಗೆ ಅಂಥ ಭಾಗ್ಯವು ಒದಗಿದ್ದು ಕಡಮೆ. ಬಂಡೆ, ಕುರುಚಲು, ಕೆಂಪು ಮಣ್ಣು, ಬಿಸಿಲು, ಇವುಗಳಲ್ಲಿ ನೋಡತಕ್ಕದ್ದೇನಿದೆ ಎಂದು ಕೇಳುವವರೇ ಹೆಚ್ಚು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಆದರೆ ಕಳೆದ ಜ್ಯೇಷ್ಠ ಮಾಸದ ಕೊನೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿ ಮೂರು ದಿನ ಕಳೆದು ಬಂದ ಮೇಲೆ ನಮ್ಮ ಎಣಿಕೆಯು ಬದಲಾಯಿತು. ಅದಕ್ಕೆ ಕಾರಣವಾದುದು ಒಂದು ಹಳ್ಳಿಯ ಬೇವಿನ ಮರವೂ ಆ ಮರದ ಬಳಿಯ ಮನೆಯಲ್ಲಿ ನಡೆದ ಒಂದು ಸಂಗತಿಯೂ. ಅದನ್ನು ನಮ್ಮ ಸೋದರಿಯರ, ಅದರಲ್ಲಿಯೂ ಮನೆಯಲ್ಲಿ ಕೂಸುಗಳಿರುವ ತಾಯಂದಿರ ಮುಂದಿಡುವುದು ಯುಕ್ತವೆಂದು ತೋರಿ ಈ ಲೇಖನವನ್ನು ಬರೆದಿದ್ದೇವೆ.

ನಮ್ಮ ಜೊತೆಯಲ್ಲಿ ರಸಾಯನಶಾಸ್ತ್ರದ ಉಪಾಧ್ಯಾಯರಾಗಿದ್ದು ನಿವೃತ್ತರಾದ ಮಿತ್ರರೊಬ್ಬರಿದ್ದರು. ಅವರ ಹಳೆಯ ಶಿಷ್ಯನೊಬ್ಬನು ತನ್ನ ಊರಿಗೆ ಬಂದು, ಹಾಗೆಯೇ ಬ್ರಹ್ಮಗಿರಿಯ ಅಶೋಕ ಶಾಸನವನ್ನೂ ನೋಡಿಕೊಂಡು ಹೋಗಬೇಕೆಂದು ಹಲವು ಸಲ ಕೇಳಿಕೊಂಡಿದ್ದನು. ಚಿತ್ರದುರ್ಗದಲ್ಲಿ ಬಸ್ಸು ಹತ್ತಿ, ಚಳ್ಳಕೆರೆಯನ್ನು ದಾಟಿ ಬಳ್ಳಾರಿಯ ದಾರಿಯಲ್ಲಿ ಮುಂದೆ ಸಾಗಿದೆವು. ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರು. ಅದೂ ಹೇಳಿದ ಕಾಲಕ್ಕೆ ಬರುವುದಿಲ್ಲ. ಶೇಂಗಾ ಬಿತ್ತನೆಗಾಗಿ ಹೊಲವನ್ನು ಹಸನು ಮಾಡಿಟ್ಟು ರೈತರು ಮುಗಿಲನ್ನು ನೋಡುತ್ತಿದ್ದರು. ಹುಲ್ಲೆಲ್ಲ ಒಣಗಿತ್ತು. ಕೆರೆಯಂಗಳವು ಬಿರುಕುಬಿಟ್ಟಿತ್ತು. ಆದರೆ ಹೊಲದ ಬದುವಿನಲ್ಲಿ, ಗುಡಿಯ ಮುಂದೆ, ಬಸ್ಸು ನಿಲ್ಲುವ ತಾಣದಲ್ಲಿ, ಎಲ್ಲಿ ನೋಡಿದರಲ್ಲಿ ಬೇವು ಮಾತ್ರ ದಟ್ಟ ಹಸುರಾಗಿ ನಿಂತಿತ್ತು. ಈ ಮರವು ಬೇರನ್ನು ಬಹಳ ಆಳಕ್ಕೆ ಇಳಿಸುವುದು, ಕಲ್ಲುನೆಲವಾದರೂ ಸಹಿಸುವುದು. ಅದು ಸಹಿಸದಿರುವುದು ಬುಡದಲ್ಲಿ ನಿಂತ ನೀರನ್ನು. ಆದಕಾರಣ ಬರಗಾಲದ ನಾಡೇ ಅದಕ್ಕೆ ತವರಾಗಿದೆ.

ನಾವು ಇಳಿದ ಹಳ್ಳಿಯ ನಡುವೆ ಒಂದು ಹಳೆಯ ಬೇವು, ಅದರ ಸುತ್ತ ಕಲ್ಲಿನ ಕಟ್ಟೆ. ಹಣ್ಣು ಬೀಳುವ ಕಾಲವದು. ಹಳದಿಯ ಸಣ್ಣ ಹಣ್ಣುಗಳು ನೆಲವನ್ನೆಲ್ಲ ಮುಚ್ಚಿದ್ದವು. ಮೇಲೆ ಗೊರವಂಕಗಳ ಗದ್ದಲ. ಕೆಳಗೆ ಹೆಂಗಸರೂ ಮಕ್ಕಳೂ ಬುಟ್ಟಿ ಹಿಡಿದು ಹಣ್ಣನ್ನು ಆಯುತ್ತಿದ್ದರು. ಎಲೆ, ತೊಗಟೆ, ಬೀಜ ಎಲ್ಲವೂ ಕಹಿಯಾದ ಈ ಮರದಲ್ಲಿ ಹಣ್ಣಿನ ತಿರುಳೊಂದು ಮಾತ್ರ ಸಿಹಿ. ಹಕ್ಕಿಯು ಆ ಸಿಹಿಗಾಗಿ ಹಣ್ಣನ್ನು ನುಂಗಿ ಬೀಜವನ್ನು ದೂರದಲ್ಲಿ ಉದುರಿಸುವುದು. ಹೀಗೆ ಬೇವು ಬಿತ್ತುವವನಿಲ್ಲದೆ ಬೆಳೆಯುವುದು. ಆಯ್ದ ಹಣ್ಣಿನ ತಿರುಳನ್ನು ತೊಳೆದು ತೆಗೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ ಮಾರುವರು. ಮಳೆಯಿಲ್ಲದ ತಿಂಗಳಿನಲ್ಲಿ ಬಡವರ ಮನೆಗೆ ಇದೊಂದು ಕೈಗಾಸು. 2015ರಿಂದೀಚೆಗೆ ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಾ ಗೊಬ್ಬರಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕೊಡಬೇಕೆಂದು ಸರಕಾರವು ವಿಧಿಸಿದುದರಿಂದ ಬೀಜಕ್ಕೆ ಬೇಡಿಕೆಯೂ ಹೆಚ್ಚಿತು. ಆ ಲೇಪವು ಗೊಬ್ಬರದ ಸಾರವು ಮಣ್ಣಿನಲ್ಲಿ ಬೇಗನೆ ಮಾರ್ಪಟ್ಟು ವ್ಯರ್ಥವಾಗದಂತೆ ತಡೆಯುತ್ತದೆ.

ಸಂಜೆ ಶಿಷ್ಯನ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ಅವನ ಐದು ತಿಂಗಳ ಕೂಸಿಗೆ ಎರಡು ದಿನದಿಂದ ನೆಗಡಿ, ಕೆಮ್ಮು. ಮಗುವಿನ ಮುತ್ತಜ್ಜಿ, ವಯಸ್ಸು ಎಂಬತ್ತನ್ನು ಮೀರಿದಾಕೆ, ಒಳಗಿನಿಂದ ಒಳಲೆಯನ್ನು ಹಿಡಿದು ಬಂದರು. ಅದರ ತುಂಬ ಬೇವಿನ ಎಣ್ಣೆ. ಬೆಳ್ಳುಳ್ಳಿಯನ್ನು ಹೋಲುವ ಅದರ ವಾಸನೆಯು ಪಡಸಾಲೆಯನ್ನೆಲ್ಲ ಹಬ್ಬಿತು. ಸೊಸೆಯು ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಅದರ ಬಾಯಿ ಬಿಡಿಸುವುದರಲ್ಲಿದ್ದಳು.

ನಮ್ಮ ಮಿತ್ರರು ಥಟ್ಟನೆ ಎದ್ದುನಿಂತು, "ಅಮ್ಮಾ, ಒಂದು ಗಳಿಗೆ ತಡೆಯಿರಿ. ಅದನ್ನು ಮಗುವಿಗೆ ಕುಡಿಸಬೇಡಿ" ಎಂದರು.

ಅಜ್ಜಿಗೆ ಸಿಟ್ಟು ಬಂದಿತು. "ಯಾಕೆ ಮೇಷ್ಟ್ರೇ? ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವಳು ನಾನು. ಬೇವಿನೆಣ್ಣೆ ಕಂಡರೆ ಕಫ ಓಡಿಹೋಗುತ್ತದೆ" ಎಂದರು.

"ನಿಮ್ಮ ಅತ್ತೆಯವರು ಎಷ್ಟು ಕೊಡುತ್ತಿದ್ದರು?"

ಅಜ್ಜಿ ಸ್ವಲ್ಪ ಯೋಚಿಸಿದರು. "ಬೆರಳು ಅದ್ದಿ ನಾಲಿಗೆಗೆ ನೆಕ್ಕಿಸುತ್ತಿದ್ದರು. ಆಗ ನಮ್ಮ ಊರಿನಲ್ಲಿಯೇ ಗಾಣವಿತ್ತು."

ಈಗಿನ ಎಣ್ಣೆ ಎಲ್ಲಿಯದೆಂದು ವಿಚಾರಿಸಲಾಗಿ, ಶಿಷ್ಯನು ಸೀಸೆಯನ್ನು ತಂದು ತೋರಿಸಿದನು. ಬೆಳೆಗೆ ಸಿಂಪಡಿಸುವುದಕ್ಕಾಗಿ ಅಂಗಡಿಯಿಂದ ತಂದಿದ್ದ ಎಣ್ಣೆ ಅದು. ಬೆರಳ ತುದಿಯ ಅಳತೆಯು ಒಳಲೆಗೆ ಏರಿತ್ತು. ಗಾಣದ ಎಣ್ಣೆಯ ಸ್ಥಾನಕ್ಕೆ ಹೊಲದ ಔಷಧವು ಬಂದಿತ್ತು. ನಂಬಿಕೆ ಮಾತ್ರ ಹಿಂದಿನದೇ ಆಗಿತ್ತು.

ಆಗ ಮಿತ್ರರು ಹೇಳಿದ ಸಂಗತಿಯನ್ನು ವಾಚಕರು ಮನಸ್ಸಿಟ್ಟು ಓದಬೇಕು. 1981ರಲ್ಲಿ ಮಲೇಷಿಯಾದ ವೈದ್ಯರು 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯಲ್ಲಿ ಬೇವಿನ ಎಣ್ಣೆಯನ್ನು ಕುಡಿಸಿದ ಎಳೆಯ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಸಣ್ಣ ಪುಟ್ಟ ಕಾಯಿಲೆಗೆಂದು ಮನೆಯವರು ಪ್ರೀತಿಯಿಂದಲೇ ಕೊಟ್ಟ ಎಣ್ಣೆ. ಮಕ್ಕಳಿಗೆ ಮೊದಲು ವಾಂತಿ. ಬಳಿಕ ಮಂಪರು, ಏದುಸಿರು, ಮೇಲಿಂದ ಮೇಲೆ ಸೆಳವು. ಯಕೃತ್ತಿನಲ್ಲಿ ಕೊಬ್ಬು ತುಂಬಿ ಮೆದುಳಿಗೂ ಧಕ್ಕೆ ತಗಲುವ ವಿಷಬಾಧೆ ಅದು. ದೊಡ್ಡವರ ದೇಹವು ತಡೆದುಕೊಂಡೀತೆಂಬ ಪ್ರಮಾಣವು ಕೂಸಿನ ಪ್ರಾಣಕ್ಕೇ ಎರವಾಗಬಹುದು.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ನನ್ನ ತಂಗಿಯ ಮಗು ಹೀಗೆಯೇ ಸೆಳವು ಬಂದು ಹೋಯಿತು. ಬಾಲಗ್ರಹ ಎಂದೆವು. ಅದಕ್ಕೂ ಎಣ್ಣೆ ಕುಡಿಸಿದ್ದೆವು" ಎಂದರು.

"ಅದು ಎಣ್ಣೆಯಿಂದಲೇ ಆಯಿತೆಂದು ಈಗ ಯಾರೂ ಹೇಳಲಾರರು, ಅಮ್ಮಾ. ಸೆಳವಿಗೆ ಕಾರಣಗಳು ಹಲವು. ನೀವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಮಿತ್ರರು ಸಮಾಧಾನ ಹೇಳಿದರು. ಅಜ್ಜಿ ಎದ್ದುಹೋಗಿ ಒಳಲೆಯ ಎಣ್ಣೆಯನ್ನು ಸೀಸೆಗೆ ಸುರಿದು, ಸೀಸೆಯನ್ನು ಕೊಟ್ಟಿಗೆಯ ಗೂಡಿನಲ್ಲಿಟ್ಟು ಬಂದರು. ಮರುದಿನ ಬೆಳಗ್ಗೆ ಕೂಸನ್ನು ಸರಕಾರಿ ಆಸ್ಪತ್ರೆಗೆ ಒಯ್ದು ತೋರಿಸಿದುದಾಯಿತು. ವೈದ್ಯರು ಎದೆಯನ್ನು ಪರೀಕ್ಷಿಸಿ, ಬರಿಯ ನೆಗಡಿಯೆಂದೂ ತಾಯಿಯ ಹಾಲನ್ನು ಮೇಲಿಂದ ಮೇಲೆ ಕೊಡುತ್ತಿರಬೇಕೆಂದೂ ಹೇಳಿ ಕಳುಹಿಸಿದರು.

ಆ ರಾತ್ರಿ ಕಟ್ಟೆಯ ಮೇಲೆ ಕುಳಿತು ಮಿತ್ರರಿಂದ ಬೇವಿನ ಒಳಗುಟ್ಟನ್ನು ಕೇಳಿದೆವು. ಊರಿನ ಕೆಲವರೂ ಬಂದು ಕುಳಿತರು. ಬೇವಿನ ಕಹಿಯು ಏತರಿಂದ ಬಂದಿತು? ನಿಂಬೆಯ ಬೀಜವನ್ನು ಕಡಿದರೆ ಕಹಿಯಾಗುವುದಷ್ಟೆ. ಆ ಕಹಿವಸ್ತುವಿನ ವರ್ಗಕ್ಕೆ ರಸಾಯನಶಾಸ್ತ್ರಜ್ಞರು ಲಿಮನಾಯ್ಡ್ ಎಂದು ಹೆಸರಿಟ್ಟಿರುವರು. ಬೇವಿನ ಕಹಿವಸ್ತುಗಳೂ ಅದೇ ವರ್ಗದವು. 1942ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ವಿಜ್ಞಾನಿಗಳು ಬೇವಿನ ಎಣ್ಣೆಯಿಂದ ನಿಂಬಿನ್, ನಿಂಬಿನಿನ್, ನಿಂಬಿಡಿನ್ ಎಂಬ ಮೂರು ಕಹಿವಸ್ತುಗಳನ್ನು ಬೇರ್ಪಡಿಸಿದರು. ಶತಮಾನಗಳಿಂದ ಜನರು ಬಳಸುತ್ತ ಬಂದ ಕಹಿಗೆ ಹೀಗೆ ಹೆಸರೂ ರೂಪವೂ ದೊರೆಯತೊಡಗಿತು.

ಇವೆಲ್ಲಕ್ಕಿಂತ ಪ್ರಬಲವಾದುದು ಆಜಾಡಿರಾಕ್ಟಿನ್. ಬೇವಿಗೆ ಪಾರಸಿ ಭಾಷೆಯಲ್ಲಿ 'ಆಜಾದ್ ದರಖ್ತ್', ಎಂದರೆ ಸ್ವತಂತ್ರ ವೃಕ್ಷ, ಎಂಬ ಹೆಸರಿದ್ದು, ಮರದ ಶಾಸ್ತ್ರೀಯ ನಾಮವಾದ ಆಜಾಡಿರಾಕ್ಟ ಇಂಡಿಕ ಎಂಬುದೂ ಈ ವಸ್ತುವಿನ ಹೆಸರೂ ಅದರಿಂದಲೇ ಬಂದಿವೆ. 1968ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬವರು ಇದನ್ನು ಬೀಜದಿಂದ ಬೇರ್ಪಡಿಸಿದರು. ಇದರ ಒಂದೊಂದು ಅಣುವಿನಲ್ಲಿಯೂ ಇಂಗಾಲದ 35, ಜಲಜನಕದ 44, ಆಮ್ಲಜನಕದ 16 ಪರಮಾಣುಗಳಿರುವುವು. ಇವು ಹೇಗೆ ಹೆಣೆದುಕೊಂಡಿವೆ ಎಂಬುದು ಸರಿಯಾಗಿ ತಿಳಿದುದು 1985ರಲ್ಲಿ. ಕೇಂಬ್ರಿಡ್ಜಿನ ಸ್ಟೀವನ್ ಲೇ ಅವರ ತಂಡವು ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ಮುಗಿಸಿದುದು 2007ರಲ್ಲಿ. ಅದಕ್ಕಾಗಿ ಅವರು 22 ವರ್ಷ ದುಡಿದರು. ಇದನ್ನು ಕೇಳಿ ರೈತನೊಬ್ಬನು ತಲೆಯ ಮೇಲಿನ ಕೊಂಬೆಯನ್ನು ನೋಡಿ, "ಇದು ವರುಷಾ ವರುಷಾ ಮಾಡುತ್ತದಲ್ಲ ಸ್ವಾಮಿ!" ಎಂದನು. ಎಲ್ಲರೂ ನಕ್ಕೆವು.

ಆ ವಸ್ತುವು ಮಾಡುವ ಕೆಲಸವೂ ಸ್ವಾರಸ್ಯವಾದುದು. ಅದು ಹುಳುವನ್ನು ತಟ್ಟನೆ ಕೊಲ್ಲುವುದಿಲ್ಲ. ಮೊದಲು ಮೇವಿನಲ್ಲಿ ಅರುಚಿ ಹುಟ್ಟಿಸುವುದು. ತಿಂದ ಹುಳುವು ಕಾಲಕಾಲಕ್ಕೆ ಪೊರೆ ಕಳಚಿ ಬೆಳೆಯದಂತೆ ತಡೆಯುವುದು. 1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡು ಬಂದು ಹಸುರನ್ನೆಲ್ಲ ತಿಂದಾಗ ಬೇವಿನ ಮರಗಳು ಮಾತ್ರ ಉಳಿದುದನ್ನು ಜರ್ಮನಿಯ ಕೀಟವಿಜ್ಞಾನಿ ಷ್ಮುಟರರ್ ಕಂಡರು. 1962ರಲ್ಲಿ ದಿಲ್ಲಿಗೆ ಮಿಡತೆ ಬಂದಾಗ ಪ್ರಧಾನ್ ಮೊದಲಾದ ನಮ್ಮ ಕೃಷಿವಿಜ್ಞಾನಿಗಳು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಸಿಂಪಡಿಸಿ ಬೆಳೆಯನ್ನು ಉಳಿಸಿ ತೋರಿಸಿದರು.

ಬೇವಿನ ಕೀರ್ತಿಯು ಹೊರದೇಶಗಳಿಗೆ ಹಬ್ಬಿದ ಮೇಲೆ ಅದರ ಒಡೆತನದ ತಂಟೆಯೂ ಎದ್ದಿತು. ಬೇವಿನ ಎಣ್ಣೆಯಿಂದ ಗಿಡಗಳ ಬೂಷ್ಟು ರೋಗವನ್ನು ತಡೆಯುವ ಕ್ರಮಕ್ಕೆ ಅಮೆರಿಕದ ಕೃಷಿ ಇಲಾಖೆಗೂ ಅಲ್ಲಿಯ ಒಂದು ಕಂಪೆನಿಗೂ ಯೂರೋಪಿನ ಪೇಟೆಂಟು ಕಚೇರಿಯು 1994ರಲ್ಲಿ ಹಕ್ಕನ್ನು ಕೊಟ್ಟಿತು. ಇದು ಭಾರತದ ರೈತರು ಮೊದಲೇ ಬಲ್ಲ ವಿದ್ಯೆಯೆಂದು ವಂದನಾ ಶಿವ ಮೊದಲಾದವರು ವಾದಿಸಿದರು. 2000ದಲ್ಲಿ ಆ ಹಕ್ಕು ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ನಮ್ಮದೆಂದು ಗೆದ್ದುಕೊಂಡ ಈ ವಿದ್ಯೆಯನ್ನು ಅಳತೆ ತಪ್ಪದೆ ಕಾಪಾಡಿಕೊಳ್ಳುವ ಭಾರವು ನಮ್ಮ ಮನೆಗಳ ಮೇಲಿದೆ.

ಗೃಹಿಣಿಯರಿಗೆ ಉಪಯೋಗವಾಗಲೆಂದು ಮಿತ್ರರು ಹೇಳಿದ ಕೆಲವು ವಿಷಯಗಳನ್ನು ಇಲ್ಲಿ ಬರೆಯುತ್ತೇವೆ. ನೆರಳಿನಲ್ಲಿ ಚೆನ್ನಾಗಿ ಒಣಗಿಸಿದ ಬೇವಿನ ಎಲೆಯನ್ನು ಬೇಳೆಕಾಳುಗಳ ನಡುವೆಯೂ, ಬಟ್ಟೆ ಪುಸ್ತಕಗಳ ನಡುವೆಯೂ ಇಟ್ಟರೆ ಹುಳುವಿನ ಕಾಟವು ಕಡಮೆಯಾಗುವುದು. ಹಿತ್ತಿಲ ಗಿಡಗಳಿಗೆ 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ, 1 ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಶೋಧಿಸಿ, ಚೂರು ಸಾಬೂನು ಬೆರೆಸಿ ಸಿಂಪಡಿಸಬಹುದು. ಸಂಜೆಯ ಹೊತ್ತೇ ಒಳ್ಳೆಯದು. ಬಿಸಿಲಿಗೆ ಅದರ ಸತ್ವವು ಬೇಗ ಕುಂದುವುದು. ಬೂಷ್ಟು ಹಿಡಿದ ಬೀಜವನ್ನು ಯಾವ ಕೆಲಸಕ್ಕೂ ಬಳಸಬಾರದು. ಯುಗಾದಿಯ ದಿನ ಬೆಲ್ಲದೊಡನೆ ತಿನ್ನುವ ಹೂವಿಗೂ ಚಿಗುರಿಗೂ ದೊಡ್ಡವರು ಅಂಜಬೇಕಾದುದಿಲ್ಲ. ಎಣ್ಣೆಯನ್ನು ಮಾತ್ರ ಕೂಸುಗಳಿಗೂ ಮಕ್ಕಳಿಗೂ ಒಂದು ತೊಟ್ಟೂ ಕುಡಿಸತಕ್ಕದ್ದಲ್ಲ. ಗರ್ಭಿಣಿಯರೂ ಅದನ್ನು ಸೇವಿಸತಕ್ಕದ್ದಲ್ಲ. ಯಾರಾದರೂ ಕುಡಿಸಿಬಿಟ್ಟಿದ್ದರೆ, ವಾಂತಿಗಾಗಿ ಕಾಯದೆ, ಸೀಸೆಯ ಸಹಿತ ಆಸ್ಪತ್ರೆಗೆ ಧಾವಿಸಬೇಕು. ಹುಚ್ಚುಬೇವೆಂಬ ಇನ್ನೊಂದು ಮರವುಂಟು. ಅದರ ಹೂವು ನಸುನೇರಳೆ. ಎಲೆಯ ಕಡ್ಡಿಯು ಕವಲೊಡೆದು ಮತ್ತೆ ಕವಲಾಗಿರುವುದು. ಅದರ ಹಣ್ಣು ವಿಷ. ಮಕ್ಕಳಿಗೆ ಎರಡರ ವ್ಯತ್ಯಾಸವನ್ನು ಕಲಿಸಿಕೊಡಬೇಕು.

ಅಮ್ಮನೆದ್ದ ಮನೆಯಲ್ಲಿ ಬೇವಿನ ಸೊಪ್ಪನ್ನು ಹಾಸುವ ವಾಡಿಕೆಯ ವಿಷಯವನ್ನೂ ಕೇಳಿದೆವು. ತಂಪಿಗೂ, ಮೈಯನ್ನು ಉಗುರಿನಿಂದ ಕೆರೆದುಕೊಳ್ಳದೆ ಸೊಪ್ಪಿನಿಂದ ಸವರುವುದಕ್ಕೂ ಅದು ಹಿತವೇ ಸರಿ. ಆದರೆ ಸಿಡುಬನ್ನು ಲೋಕದಿಂದ ಓಡಿಸಿದುದು ಲಸಿಕೆ; 1980ರಲ್ಲಿ ಆ ರೋಗವು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಬೇವಿಗೆ ಸಲ್ಲುವ ಗೌರವವನ್ನು ಬೇವಿಗೂ ಲಸಿಕೆಗೆ ಸಲ್ಲುವುದನ್ನು ಲಸಿಕೆಗೂ ಕೊಡುವುದೇ ನ್ಯಾಯ.

ಮೂರನೆಯ ದಿನ ಬ್ರಹ್ಮಗಿರಿಗೆ ಹೋದೆವು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು ಅಲ್ಲಿ ಬಂಡೆಯ ಮೇಲಿದೆ. ತಾಯಿತಂದೆಯರ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು ಎಂಬುದು ಅದರ ಬೋಧೆ. ಇಲ್ಲಿಂದ ಪೂರ್ವಕ್ಕೆ ಆಂಧ್ರದ ಎರ್ರಗುಡಿಯಲ್ಲಿರುವ ಅದೇ ಅರಸನ ಶಾಸನಗಳಲ್ಲಿ ಮನುಷ್ಯರಿಗೂ ಪಶುಗಳಿಗೂ ಬೇಕಾದ ಔಷಧದ ಗಿಡಗಳನ್ನು, ಇಲ್ಲದ ಕಡೆಗೆ ತರಿಸಿ ನೆಡಿಸಿದ ಮಾತು ಬರುತ್ತದೆ. ಬಂಡೆಯಿಂದ ಇಳಿದು ಬರುವಾಗ ಹೊಲದಂಚಿನ ಬೇವಿನ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಗಾಳಿಯು ಬಿಸಿಯಾಗಿದ್ದರೂ ಆ ನೆರಳು ತಂಪಾಗಿತ್ತು.

ಹಳ್ಳಿಯಿಂದ ಹೊರಡುವ ಹೊತ್ತಿಗೆ ಅಜ್ಜಿ ಕೊಟ್ಟಿಗೆಯಲ್ಲಿದ್ದರು. ನೊಗ ಉಜ್ಜಿ ಹುಣ್ಣಾದ ಎತ್ತಿನ ಹೆಗಲಿನ ಸುತ್ತ ನೊಣ ಕೂರದಂತೆ ಬೇವಿನ ಎಣ್ಣೆಯನ್ನು ಸವರುತ್ತಿದ್ದರು. ನಮ್ಮ ಮಿತ್ರರನ್ನು ಕಂಡು, "ಇದಕ್ಕೆ ಆಗಬಹುದಲ್ಲವೇ, ಮೇಷ್ಟ್ರೇ?" ಎಂದು ಕೇಳಿದರು. ಆಗಬಹುದೆಂದು ಮಿತ್ರರು ಹೇಳಿದರು. ಒಳಗೆ ತೊಟ್ಟಿಲಿನಲ್ಲಿ ಕೂಸು ನಿದ್ರಿಸುತ್ತಿದ್ದಿತು. ಬಸ್ಸು ಬರುವುದರೊಳಗೆ ಅಜ್ಜಿ ಒಂದು ಬಟ್ಟೆಯಲ್ಲಿ ಬೇವಿನ ಬೀಜವನ್ನು ಕಟ್ಟಿ ತಂದು ನಮ್ಮ ಕೈಗಿತ್ತು, "ಬೇಗ ಊರಿಬಿಡಿ, ಹಳತಾದರೆ ಮೊಳೆಯುವುದಿಲ್ಲ" ಎಂದರು. ಊರಿಗೆ ಬಂದವರು ಮರುದಿನವೇ ಊರಿದೆವು. ಅವುಗಳಲ್ಲಿ ಮೂರು ಈಗ ಗೇಣುದ್ದ ಬೆಳೆದಿವೆ.