ಬಾಗಿಲೊಳಗಿನ ಭಾಗವತರು

ಅಜ್ಜ, ಅಜ್ಜಿ, ಮಕ್ಕಳು, ಹಲಸಿನಕಾಯಿ ಎಲ್ಲವನ್ನೂ ಒಟ್ಟಿಗೆ ಹೊರುವ ಗಾಡಿ ಎಂದರೆ ನಮ್ಮ ಕಡೆ ಇವತ್ತಿಗೂ ಇನ್ನೋವಾನೇ. ಕ್ವಾಲಿಸ್ ನಿಂತ ಮೇಲೆ 2005ರಲ್ಲಿ ಅದು ಬಂತು. ಬಿಡದಿಯಲ್ಲೇ ತಯಾರಾಗುವ ಗಾಡಿಯಾದ್ದರಿಂದ ನಮ್ಮದೇ ಅನ್ನುವ ಸಲುಗೆಯೂ ಸೇರಿಕೊಂಡಿದೆ. ಎಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದರೂ ಅಲುಗುವುದಿಲ್ಲ. ಆದರೆ ಹಳೆಯ ಗಾಡಿಗಳಲ್ಲಿ ಬಾಗಿಲೊಳಗಿನ ಸ್ಪೀಕರು ಅದಕ್ಕಿಂತ ಬಹಳ ಮೊದಲೇ ಸೋಲುತ್ತದೆ. ಒಳಗಿರುವುದು ಕಾಗದದ ಶಂಕು. ಮಳೆಗಾಲದ ತೇವ, ಏಪ್ರಿಲ್ ಬಿಸಿಲು ಎರಡನ್ನೂ ಉಂಡು ಅದು ಮೆತ್ತಗಾಗುತ್ತದೆ, ಅಂಚಿನಲ್ಲಿ ಫೋಮ್ ಇದ್ದರೆ ಪುಡಿಯಾಗಿ ಉದುರುತ್ತದೆ. ಆಮೇಲೆ ಮೃದಂಗದ ಎಡಬದಿಯ ಪ್ರತಿ ಪೆಟ್ಟಿಗೂ ಬರ್ ಅನ್ನುವ ಸದ್ದು.

ನಮ್ಮ ಗಾಡಿಯ ಸ್ಪೀಕರು ಹೋದದ್ದನ್ನು ಕಂಡುಹಿಡಿದವರು ಮಾವನವರು. ಬೆಂಗಳೂರಿನಿಂದ ಉಡುಪಿಗೆ ಸುಮಾರು ನಾನೂರು ಕಿಲೋಮೀಟರ್. ಹಾಸನ ದಾಟಿತೆಂದರೆ ಅವರಿಗೆ ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಪದ ಬೇಕೇ ಬೇಕು. ಶಿರಾಡಿ ಘಾಟಿಯ ತಿರುವಿನಲ್ಲಿ ಅವರೆಂದರು: “ಚಂಡೆ ಕೇಳ್ತದೆ, ಭಾಗವತರ ಸಾಹಿತ್ಯವೇ ತಿಳಿಯೂದಿಲ್ಲ ಮಾರಾಯ್ರೆ.” ನಾವಡರು 1990ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ ಹೋಗಿಬಿಟ್ಟರು. ಆ ಕಂಠ ಉಳಿದಿರುವುದು ಧ್ವನಿಮುದ್ರಣಗಳಲ್ಲಿ ಮಾತ್ರ. ಅಂಥದ್ದರಲ್ಲಿ ಉಳಿದ ಅಕ್ಷರಗಳನ್ನೂ ಸ್ಪೀಕರು ನುಂಗಿದರೆ ನನಗೆ ಅದು ದೊಡ್ಡ ನಷ್ಟವೇ.

ಹೊಸ ಸ್ಪೀಕರು ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ವಾಟ್. ಡಬ್ಬದ ಮೇಲೆ 300 ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದು ಕ್ಷಣಮಾತ್ರ ತಡೆದುಕೊಳ್ಳಬಲ್ಲ ಶಕ್ತಿ. ಬದಿಯಲ್ಲಿ ಸಣ್ಣಕ್ಷರದ ಆರ್‌ಎಂಎಸ್ ಎಂಬ ಅಂಕಿಯೇ ನಿಜವಾದ ಲೆಕ್ಕ. ಗಾಡಿಯ ಜೊತೆ ಬಂದ ಸ್ಟೀರಿಯೋ ಒಂದೊಂದು ಸ್ಪೀಕರಿಗೆ ಕೊಡುವುದು ಹದಿನೈದು, ಇಪ್ಪತ್ತು ವಾಟ್. ಬೇರೆ ಆಂಪ್ಲಿಫೈಯರ್ ಹಾಕುವವರಲ್ಲದಿದ್ದರೆ ಸೆನ್ಸಿಟಿವಿಟಿ ನೋಡಬೇಕು, ಅಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಕೇಳುತ್ತದೆ ಎಂಬುದು. ಮೂರು ಡೆಸಿಬಲ್ ಅಂತರವೆಂದರೆ ಶಕ್ತಿ ದುಪ್ಪಟ್ಟು. 89ರ ಸ್ಪೀಕರಿಗೆ ಇಪ್ಪತ್ತು ವಾಟ್ ಬೇಕಾದಲ್ಲಿ 92ರದಕ್ಕೆ ಹತ್ತೇ ಸಾಕು. ಸ್ಪೀಕರಿನ ವಿದ್ಯುತ್ ತಡೆ 4 ಓಮ್ ಇರಲಿ. ತೀರಾ ಕಡಿಮೆ ಓಮಿನದನ್ನು ಹಾಕಿದರೆ ಸ್ಟೀರಿಯೋ ಕಾದು ಕೆಡುತ್ತದೆ.

ಇಷ್ಟೆಲ್ಲ ಅಂಕಿಗಳಿದ್ದರೂ ಮೂಲ ವಿದ್ಯೆ ನೂರು ವರ್ಷ ಹಳೆಯದು. 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್, ಎಡ್ವರ್ಡ್ ಕೆಲಾಗ್ ಇಬ್ಬರೂ ಅಯಸ್ಕಾಂತದ ನಡುವೆ ತಂತಿಯ ಸುರುಳಿ ಇಟ್ಟು ಕಾಗದದ ಶಂಕು ಕುಣಿಸಿದರು. ಇವತ್ತಿನ ಸ್ಪೀಕರಲ್ಲೂ ಕುಣಿಯುವುದು ಅದೇ ಸುರುಳಿ, ಅದೇ ಶಂಕು. ಶಂಕು ಕಾಗದದ ಬದಲು ಪಾಲಿಪ್ರೊಪಿಲೀನ್, ಅಂಚು ಫೋಮಿನ ಬದಲು ರಬ್ಬರ್ ಆಗಿದೆ, ಅಷ್ಟೆ. ಕರಾವಳಿಗೆ ಓಡಾಡುವ ಗಾಡಿಗೆ ಆ ಎರಡನ್ನೇ ಕೇಳಿ ತೆಗೆದುಕೊಳ್ಳಬೇಕು.

ಅಂಗಡಿಯಲ್ಲಿ ದಬದಬ ಬೀಟಿನ ಹಾಡು ಹಾಕಿ ತೋರಿಸುತ್ತಾರೆ. ಆ ಹಾಡಿನಿಂದ ಭಾವಗೀತೆಯಾಗಲಿ ತಾಳಮದ್ದಳೆಯಾಗಲಿ ಹೇಗೆ ಕೇಳೀತೆಂದು ತಿಳಿಯುವುದಿಲ್ಲ. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಎರಡು ಸಾವಿರ ಹರ್ಟ್ಸ್‌ನಿಂದ ಮೇಲೆ. ಆ ಎತ್ತರದ ಸದ್ದುಗಳು ನೇರ ಗೆರೆಯಲ್ಲಿ ಸಾಗುವಂಥವು. ಬಾಗಿಲ ಬುಡದಲ್ಲಿ ಹುಟ್ಟಿದರೆ ಮೊಣಕಾಲಿಗೆ ತಗುಲಿ ಅಲ್ಲೇ ಮುಗಿಯುತ್ತವೆ. ಅದಕ್ಕೇ ಮುಂದಿನ ಬಾಗಿಲಿಗೆ ಕಾಂಪೊನೆಂಟ್ ಸೆಟ್ ಒಳ್ಳೆಯದೆಂದು ನನ್ನ ಅಭಿಪ್ರಾಯ: ದೊಡ್ಡ ಸ್ಪೀಕರು ಕೆಳಗೆ, ಪುಟ್ಟ ಟ್ವೀಟರ್ ಮೇಲೆ ಕನ್ನಡಿಯ ಹತ್ತಿರ, ಕಿವಿಗೆ ಎದುರಾಗಿ. ಹಿಂದಿನ ಬಾಗಿಲಿಗೆ ಎರಡೂ ಒಂದರಲ್ಲೇ ಇರುವ ಕೋಆಕ್ಸಿಯಲ್ ಧಾರಾಳ ಸಾಕು. ಹಿಂದೆ ಮಕ್ಕಳು ಮಲಗಿದಾಗ ಫೇಡರ್ ತಿರುಗಿಸಿ ಸದ್ದನ್ನು ಮುಂದಕ್ಕೆ ತಂದುಕೊಂಡರಾಯಿತು.

ದುಡ್ಡೆಲ್ಲ ಸ್ಪೀಕರಿಗೇ ಸುರಿಯಬೇಡಿ. ತಂಬೂರಿಗೆ ಬುರುಡೆ ಹೇಗೋ ಸ್ಪೀಕರಿಗೆ ಬಾಗಿಲು ಹಾಗೆ. ಶಂಕು ಮುಂದಕ್ಕೆ ತಳ್ಳಿದ ಗಾಳಿಯೂ ಹಿಂದಕ್ಕೆ ಎಳೆದ ಗಾಳಿಯೂ ಒಂದನ್ನೊಂದು ಕೂಡಿಕೊಂಡರೆ ಮಂದ್ರವೆಲ್ಲ ಕರಗಿಹೋಗುತ್ತದೆ. ಬಾಗಿಲೊಳಗಿನ ತೂತುಗಳನ್ನು ಮುಚ್ಚಿ, ತಗಡಿಗೆ ಬ್ಯೂಟೈಲ್ ಡ್ಯಾಂಪಿಂಗ್ ಹಾಳೆ ಅಂಟಿಸಿದರೆ ಸಾಧಾರಣ ಸ್ಪೀಕರೂ ತುಂಬಿ ಹಾಡುತ್ತದೆ, ರಸ್ತೆಯ ಸದ್ದೂ ತಗ್ಗುತ್ತದೆ. ನೀರು ಹರಿದುಹೋಗಲು ಬಾಗಿಲ ತಳದಲ್ಲಿರುವ ಕಿಂಡಿಗಳನ್ನು ಮಾತ್ರ ಮುಚ್ಚಕೂಡದು. ಸ್ಪೀಕರಿನ ಅಡಿಗೆ ಮರದ ಪುಡಿಯ ಎಂಡಿಎಫ್ ರಿಂಗ್ ಕೂಡ ಬೇಡ, ನೀರು ಕುಡಿದು ಉಬ್ಬುತ್ತದೆ, ಪ್ಲಾಸ್ಟಿಕ್ಕಿನದೇ ಇರಲಿ. ಹಿಂಬದಿಯ ಅಯಸ್ಕಾಂತ ಎಷ್ಟು ಆಳ ಎಂದು ಅಳೆಸಿ, ಇಲ್ಲವಾದರೆ ಗಾಜು ಇಳಿಸಿದಾಗ ಹೋಗಿ ತಾಗುತ್ತದೆ.

ವೈರ್ ಕತ್ತರಿಸಲು ಬಿಡಬೇಡಿ. ಆಯಾ ಗಾಡಿಗೆ ಹೊಂದುವ ಕಪ್ಲರ್ ಅಂಗಡಿಯಲ್ಲೇ ಸಿಗುತ್ತದೆ. ಪ್ಲಸ್ಸು ಮೈನಸ್ಸು ಒಂದು ಬಾಗಿಲಲ್ಲಿ ಅದಲುಬದಲಾದರೂ ಎಡ ಬಲ ಪರಸ್ಪರ ಹೊಡೆದಾಡಿ ಮೃದಂಗ ಮಾಯವಾಗುತ್ತದೆ. ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ಕ್ಷಣಹೊತ್ತು ಮುಟ್ಟಿಸಿ ನೋಡಿದರೆ ತಿಳಿಯುತ್ತದೆ. ಪ್ಲಸ್ಸಿಗೆ ಪ್ಲಸ್ಸು ಸೇರಿದ್ದರೆ ಶಂಕು ಹೊರಕ್ಕೆ ಬರುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮ ಮನೆಯವರು ದಿನಾ ಕೇಳುವ ಹಾಡುಗಳನ್ನೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಎಂಜಿನ್ ಚಾಲೂ ಇಟ್ಟು, ವಾಲ್ಯೂಮ್ ತಗ್ಗಿಸಿ, ಹಿಂದಿನ ಸೀಟಿನಲ್ಲೂ ಒಮ್ಮೆ ಕೂತು ಕೇಳಿ. ಆ ತಗ್ಗಿದ ದನಿಯಲ್ಲೂ ಸಾಹಿತ್ಯ ತಿಳಿದರೆ ಧೈರ್ಯವಾಗಿ ದುಡ್ಡು ಕೊಡಿ.