ಗೆರೆ ದಾಟಿದ ಹಸಿರು

ವಿಲಿಯಂ ಕರ್ಟಿಸ್ ಮೊದಲು ಕೈಹಾಕಿದ್ದು ಲಂಡನ್ನಿನ ಸುತ್ತಮುತ್ತ ತಾವಾಗಿಯೇ ಬೆಳೆಯುವ ಗಿಡಗಳ ಪುಸ್ತಕಕ್ಕೆ. ದೊಡ್ಡ ಹಾಳೆ, ಸೊಗಸಾದ ಚಿತ್ರ, ಕೊಳ್ಳುವವರೇ ಸಾಲದು. ಬೇಲಿಬದಿಯ ಕಳೆಗೆ ಯಾರು ದುಡ್ಡು ಕೊಟ್ಟಾರು? 1787ರಲ್ಲಿ ಆತ ಉಳ್ಳವರ ಕೈತೋಟದ ಹೂಗಳತ್ತ ತಿರುಗಿ ‘ಬೊಟಾನಿಕಲ್ ಮ್ಯಾಗಜೀನ್’ ಶುರುಮಾಡಿದ. ತಿಂಗಳಿಗೊಂದು ಸಂಚಿಕೆ, ಅದರಲ್ಲಿ ಮೂರು ಬಣ್ಣದ ಚಿತ್ರ, ಬೆಲೆ ಒಂದು ಶಿಲಿಂಗ್. ಅದು ಓಡಿತು.

ಅದರ ಮೊದಲ ಚಿತ್ರ ಪರ್ಷಿಯನ್ ಐರಿಸ್. ನೆಲಕ್ಕೆ ಅಂಟಿದಂತೆ ಅರಳುವ ಪುಟ್ಟ ಹೂ. ಮಾಸಲು ನೀಲಿ ಎಸಳು, ತುದಿಯಲ್ಲಿ ಕಡುನೇರಳೆ. ಬೇರೆ ಬೇರೆ ಗ್ರಂಥಾಲಯಗಳು ಅಂತರ್ಜಾಲಕ್ಕೆ ಏರಿಸಿರುವ ಇಂಥ ಚಿತ್ರಗಳ ಪ್ರತಿಗಳನ್ನು ಅಕ್ಕಪಕ್ಕ ತೆರೆದಿಟ್ಟು ನೋಡುವುದು ನನಗೊಂದು ಚಟ. ಗೆರೆಗಳು ಒಂದೇ. ತಾಮ್ರದ ತಗಡಿನಲ್ಲಿ ಕೊರೆದು, ಕೊರೆದಲ್ಲಿ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದಕ್ಕೆ ಒತ್ತಿದ ಗೆರೆ ಅದು. ಬಣ್ಣ ಮಾತ್ರ ಒಂದರ ಹಾಗೆ ಇನ್ನೊಂದಿಲ್ಲ. ಒಂದರಲ್ಲಿ ನೇರಳೆ ದಟ್ಟ, ಇನ್ನೊಂದರಲ್ಲಿ ನೀರುನೀರು. ವಯಸ್ಸಿನದೂ ಸ್ಕ್ಯಾನರಿನದೂ ಪಾಲಿರಬಹುದು, ಒಪ್ಪುತ್ತೇನೆ. ಆದರೆ ಎಲೆಯ ಹಸಿರು ಗೆರೆ ದಾಟಿ ಹೊರಚೆಲ್ಲಿದ್ದರೆ ಅದು ಸ್ಕ್ಯಾನರಿನ ಕೆಲಸವಲ್ಲ.

ಒಂದು ಮಾದರಿ ಹಾಳೆ ನೋಡಿಕೊಂಡು ಉಳಿದವಕ್ಕೆಲ್ಲ ಕೈಯಿಂದಲೇ ಬಣ್ಣ ತುಂಬಬೇಕಿತ್ತು. ಕರ್ಟಿಸನ ಬಳಿ ಸುಮಾರು 30 ಮಂದಿ ಈ ಕೆಲಸಕ್ಕಿದ್ದರಂತೆ. ಸಂಚಿಕೆಯೊಂದಕ್ಕೆ ಸಾವಿರಾರು ಹಾಳೆ. ಚಿತ್ರ ಬರೆದ ಜೇಮ್ಸ್ ಸೋವರ್ಬಿ, ಸಿಡೆನ್‌ಹ್ಯಾಮ್ ಎಡ್ವರ್ಡ್ಸ್ ಹೆಸರುಗಳನ್ನು ಲೋಕ ಬಲ್ಲದು. ಬಣ್ಣ ತುಂಬಿದವರ ಹೆಸರು ಹಾಳೆಯ ಯಾವ ಮೂಲೆಯಲ್ಲೂ ಇಲ್ಲ.

ನನ್ನ ಅಮ್ಮ ಮಂಗಳೂರಿನ ಹತ್ತಿರದ ಹಳ್ಳಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಸಾವಿರಕ್ಕೆ ಇಷ್ಟು ಎಂದು ಲೆಕ್ಕ. ಬ್ರಾಂಚಿಗೆ ಒಯ್ದರೆ ಸರಿಯಿಲ್ಲದ್ದನ್ನು ಆರಿಸಿ ಬದಿಗಿಡುತ್ತಿದ್ದರು, ಅದಕ್ಕೆ ಕೂಲಿಯಿಲ್ಲ. ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯಕ್ಕ ಮೂವರೂ ಒಂದೇ ಜಗಲಿಯಲ್ಲಿ ಒಂದೇ ಅಳತೆಗೆ ಕತ್ತರಿಸಿದ ಎಲೆ ಸುತ್ತಿದರೂ ಬಾಯಿ ಮಡಚಿದ ರೀತಿ ನೋಡಿ ಯಾರದು ಯಾವುದೆಂದು ನಾನು ಹೇಳುತ್ತಿದ್ದೆ. ಸೇದುವವನಿಗೆ ಅದು ಗೊತ್ತಾಗಬೇಕಿರಲಿಲ್ಲ. ಗೊತ್ತಾಗದಿರುವುದೇ ಒಳ್ಳೆಯ ಕೆಲಸ ಎನ್ನಿಸಿಕೊಳ್ಳುತ್ತಿತ್ತು.

ಹಳೆಯ ಸಂಪುಟಗಳನ್ನು ಬಿಡಿಸಿ ಒಂದೊಂದೇ ಹಾಳೆಗೆ ಚೌಕಟ್ಟು ಹಾಕಿ ಮಾರುವ ವ್ಯಾಪಾರಿಗಳಿಗೆ ಗೆರೆ ದಾಟಿದ ಬಣ್ಣವೊಂದು ಕುಂದು. ನನಗೆ ಬೇಕಾದದ್ದು ಅಂಥ ಹಾಳೆಯೇ. ತಾಮ್ರದ ತಗಡು ಹೋಗಿ ಕಲ್ಲಚ್ಚು ಬಂದ ಮೇಲೂ ಈ ಪತ್ರಿಕೆಯ ಬಣ್ಣ ಕೈಯದೇ ಆಗಿತ್ತು, 1948ರವರೆಗೆ. ಆಮೇಲೆ ಆ ಕೆಲಸಕ್ಕೆ ಜನ ಸಿಗಲಿಲ್ಲ.